ಕ್ವಿನ್ಸ್ ಮರದ ಬುಡ

ಆ ಮರದ ಬುಡಕ್ಕೆ ಯಾರೂ ಸನಿಕೆ ಹಾಕುವುದಿಲ್ಲ ಎಂದು ಡೊರೀನ್ ಮಾತು ಕೊಟ್ಟಿದ್ದಳು. ಕೊಟ್ಟದ್ದು ನನಗಲ್ಲ, ನನ್ನ ಅತ್ತೆ ಪಾರೆಹುಯಾ ಅವರಿಗೆ. ಆಗ ಅದು ಮರವೂ ಅಲ್ಲ. ಎಲೆಯಿಲ್ಲದ ಒಂದು ಕೋಲು, ಬೇರಿಗೆ ಒದ್ದೆ ಗೋಣಿ ಸುತ್ತಿತ್ತು.

ನನ್ನ ಮಗಳು ಮೀರೊ ಹುಟ್ಟಿದ್ದು ಮೇ ಕೊನೆಯಲ್ಲಿ, ಇಲ್ಲಿ ಚಳಿಗಾಲ ಕಾಲಿಡುವ ಹೊತ್ತಿಗೆ, ಡೇಲಿಯಾ ಗಿಡಗಳು ಮೊದಲ ಹಿಮಕ್ಕೆ ಕಪ್ಪಾದ ವಾರ. ಹೆರಿಗೆಯ ನಂತರ ಬಂದ ಮಾಸನ್ನು ದಾದಿ ಕೇಳದೆಯೇ ಐಸ್‌ಕ್ರೀಮ್ ಡಬ್ಬಿಯಲ್ಲಿ ಹಾಕಿ ಕೊಟ್ಟಳು. ನನ್ನ ಗಂಡ ಕಿಂಗಿಯ ಹೆಸರು ನೋಡಿದೊಡನೆ ಅವಳಿಗೆ ವಿಷಯ ತಿಳಿದಿತ್ತು. ಕಿಂಗಿ ಮಾವೊರಿ, ಈ ದೇಶದ ಮೂಲ ಜನರಲ್ಲೊಬ್ಬ. ಅವರಲ್ಲಿ ಮಾಸನ್ನು ಆಸ್ಪತ್ರೆಯ ಕಸಕ್ಕೆ ಬಿಡುವುದಿಲ್ಲ, ಮಣ್ಣಿಗೆ ಕೊಡುತ್ತಾರೆ. ಎಲ್ಲಿ ಕೊಟ್ಟರೋ ಆ ನೆಲ ಮಗುವಿನದು. ಮುಂದೆ ಎಲ್ಲಿಗೆ ಹೋದರೂ, ಯಾರು ಏನೆಂದರೂ, ಬೆರಳು ತೋರಿಸಿ ಅದೇ ನನ್ನ ಜಾಗ ಎನ್ನಲು ಒಂದು ಚೂರು ಭೂಮಿ ಇರುತ್ತದೆ. ನಾನು ಆ ಜನರಲ್ಲಿ ಹುಟ್ಟಿದವಳಲ್ಲ, ಇದೇ ಕ್ಲೂಥಾ ನದಿಯ ಕಣಿವೆಯ ಬಿಳಿಯರ ಮನೆಯವಳು. ಆ ಡಬ್ಬಿಯನ್ನು ಫ್ರೀಜರಿನಲ್ಲಿ ಕುರಿಮಾಂಸದ ಪೊಟ್ಟಣಗಳ ಪಕ್ಕ ಇಟ್ಟು, ಮೇಲೆ ದಪ್ಪ ಅಕ್ಷರದಲ್ಲಿ ‘ಮುಟ್ಟಬೇಡಿ’ ಎಂದು ಬರೆದೆ.

ಅತ್ತೆ ಉತ್ತರ ದ್ವೀಪದ ವೈರೋವಾದಿಂದ ಬಸ್ಸು, ಹಡಗು, ಮತ್ತೆ ಬಸ್ಸು ಹಿಡಿದು ಬಂದರು. ಮಾಸನ್ನು ತಮ್ಮ ಊರಿಗೇ ಒಯ್ಯಬೇಕು, ತಮ್ಮವರೆಲ್ಲ ಮಲಗಿರುವ ನೆಲದಲ್ಲೇ ಇಡಬೇಕು ಎಂಬುದು ಅವರ ಹಟ. ಹಾಗೆ ಆಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಅವತ್ತು ಡೊರೀನ್ ತೋಟದಲ್ಲಿದ್ದಳು.

ಮನೆ ಅವಳದು, ನಾವು ಬಾಡಿಗೆಯವರು. ಗಂಡ ತೀರಿದ ಮೇಲೆ ಅವಳು ಪೇಟೆಬದಿಯ ಸಣ್ಣ ಮನೆಗೆ ಹೋಗಿ ಇದನ್ನು ನಮಗೆ ಕೊಟ್ಟಿದ್ದಳು. ಮನೆ ಕೊಟ್ಟಳೇ ಹೊರತು ತೋಟ ಕೊಟ್ಟಿರಲಿಲ್ಲ. ಏಪ್ರಿಲ್ ಮುಗಿಯುತ್ತಿದ್ದಂತೆ ಗಂಬೂಟು ಹಾಕಿಕೊಂಡು ಬೇಲಿ ಗೇಟು ಒದ್ದು ಒಳಗೆ ಬರುತ್ತಿದ್ದಳು. ನಾನು ಹಸಿ ಬಾಣಂತಿ ಕಿಟಕಿಯಲ್ಲಿ ನಿಂತಿದ್ದರೆ ಅಲ್ಲಿಂದಲೇ ಡೇಲಿಯಾ ಗೆಡ್ಡೆ ಹೇಗೆ ಎತ್ತಬೇಕೆಂದು ಪಾಠ ಹೇಳುತ್ತಿದ್ದಳು. ಅತ್ತೆ ಮತ್ತು ಅವಳು ಹಿತ್ತಿಲಲ್ಲಿ ಮಾತಿಗೆ ನಿಂತರು. ಇಬ್ಬರೂ ಗಟ್ಟಿ ಹೆಂಗಸರು, ಇಬ್ಬರ ಕೈಯಲ್ಲೂ ಮಣ್ಣಿತ್ತು, ಹಾಗಾಗಿ ಒಬ್ಬರಿಗೊಬ್ಬರು ಒಪ್ಪಿಗೆಯಾದರು.

“ಅಷ್ಟು ದೂರ ಯಾಕಮ್ಮ ಹೊತ್ಕೊಂಡು ಹೋಗ್ತೀಯ?” ಅಂದಳು ಡೊರೀನ್. “ಮಗು ಬೆಳೆಯೋದು ಇಲ್ಲಿ. ನನ್ನ ಹತ್ರ ಒಂದು ಕ್ವಿನ್ಸ್ ಸಸಿ ಇದೆ, ಅದರ ಕೆಳಗೆ ಇಡು. ನಾನು ಬದುಕಿರೋತನಕ, ನಾನು ಹೋದಮೇಲೂನೂ, ಅದರ ಬುಡಕ್ಕೆ ಯಾರೂ ಸನಿಕೆ ಹಾಕಲ್ಲ.”

“ನಿನ್ನ ಮಗನಿಗೆ ಹೇಳ್ತೀಯಾ?” ಎಂದು ಅತ್ತೆ ಕೇಳಿದರು. ಅವರಿಗೆ ಬಿಳಿಯರ ಮಾತಿನ ಅನುಭವ ಬಹಳ ಇತ್ತು.

“ಹೇಳ್ತೀನಿ. ನಮ್ಮ ಜನ ಮಾತು ಕಡಿಮೆ, ಆಡಿದ್ರೆ ಉಳಿಸ್ಕೋತೀವಿ.”

ಅತ್ತೆ ಎಷ್ಟೋ ಹೊತ್ತು ಬೆಟ್ಟದ ಕಡೆ ನೋಡುತ್ತ ನಿಂತಿದ್ದರು. ಆಮೇಲೆ ಡಬ್ಬಿ ತರಲು ಕಿಂಗಿಗೆ ಹೇಳಿದರು.

ಆ ಕೋಲು ಮರವಾಯಿತು. ಕ್ವಿನ್ಸ್ ಹಣ್ಣು ಸೇಬಿನಷ್ಟು ದಪ್ಪ, ಬಂಗಾರದ ಬಣ್ಣ. ಹಸಿಯಾಗಿ ಕಚ್ಚಿದರೆ ಬಾಯೆಲ್ಲ ಒಗರು, ಸಕ್ಕರೆ ಹಾಕಿ ಬೇಯಿಸಿದರೆ ಕೆಂಪಗಾಗಿ ಮನೆಯೆಲ್ಲ ಘಮ. ಮೀರೊ ಶಾಲೆಯಲ್ಲಿ ‘ನನ್ನ ಮರ’ ಎಂದು ಪ್ರಬಂಧ ಬರೆದಳು, ಅದರ ಕೊಂಬೆಗೆ ಹಗ್ಗ ಕಟ್ಟಿ ಜೀಕಿದಳು, ಕೋಪ ಬಂದಾಗ ಹೋಗಿ ಅದಕ್ಕೆ ಒರಗಿ ಕೂತಳು. ಅತ್ತೆ ಒಂದೆರಡು ಸಲ ಬಂದು ನೋಡಿ ಹೋದರು, ಆಮೇಲೆ ತೀರಿಕೊಂಡರು. ಡೊರೀನ್‌ಗೆ ಸೊಂಟ ಮುರಿದು ಅವಳು ಊರಿನ ವೃದ್ಧಾಶ್ರಮ ಸೇರಿದಳು. ನಾನು ಅಲ್ಲೇ ಕೆಲಸಕ್ಕಿದ್ದೇನೆ. ಬೆಳಿಗ್ಗೆ ಹಣ್ಣಿನ ತೋಟದ ಷೆಡ್ಡಿನಲ್ಲಿ ಸೇಬು ಆರಿಸುವುದು, ಮಧ್ಯಾಹ್ನದಿಂದ ಆಶ್ರಮದಲ್ಲಿ ಮುದುಕರ ಬಟ್ಟೆ ಬದಲಿಸುವುದು, ಊಟ ಮಾಡಿಸುವುದು. ಕಿಂಗಿ ಕುರಿ ಉಣ್ಣೆ ಕತ್ತರಿಸುವ ತಂಡದ ಜೊತೆ ವಾರಗಟ್ಟಲೆ ಊರೂರು ತಿರುಗುತ್ತಾನೆ. ತೋಟದ ಕೆಲಸಕ್ಕೆ ಉಳಿಯುವುದು ಶನಿವಾರ, ಭಾನುವಾರ. ಆದರೂ ಡೊರೀನ್ ಇಲ್ಲದ ಮೇಲೂ ಅವಳ ಪದ್ಧತಿ ನಾನು ಬಿಟ್ಟಿರಲಿಲ್ಲ. ರಾಣಿಯ ಹುಟ್ಟುಹಬ್ಬಕ್ಕೆ ರಜೆ ಕೊಡುವ ಸೋಮವಾರ, ಅಂದರೆ ಜೂನ್ ಮೊದಲ ಸೋಮವಾರದೊಳಗೆ, ಚಳಿಗಾಲಕ್ಕೆ ತೋಟ ಸಿದ್ಧವಾಗಿರಬೇಕು. ಹಣ್ಣು ಕೊಟ್ಟ ರಾಸ್ಪ್‌ಬೆರಿ ಕಡ್ಡಿಗಳನ್ನು ನೆಲಕ್ಕೆ ಸಮ ಕತ್ತರಿಸಿ ಹೊಸವನ್ನು ತಂತಿಗೆ ಕಟ್ಟುವುದು. ಹುಳಿದಂಟಿನ ರೂಬಾರ್ಬ್ ಗಿಡದ ಬುಡಕ್ಕೆ ಕಿಂಗಿ ತರುವ ಕುರಿಹಿಂಡಿನ ಕೊಳಕು ಉಣ್ಣೆ ಮುಚ್ಚುವುದು. ಬೆಳ್ಳುಳ್ಳಿ ನೆಡುವುದು. ಪೀಚ್ ಮರಕ್ಕೆ ರೋಗ ಬಾರದಂತೆ ತಾಮ್ರದ ನೀರು ಹೊಡೆಯುವುದು. ನಲ್ಲಿಗೆ ಹಳೆ ಕಂಬಳಿ ಸುತ್ತುವುದು, ಸುತ್ತದಿದ್ದರೆ ಜುಲೈಯಲ್ಲಿ ನೀರು ಹೆಪ್ಪುಗಟ್ಟಿ ಒಡೆಯುತ್ತದೆ. ಎಲ್ಲಕ್ಕಿಂತ ಮೊದಲು ಡೇಲಿಯಾ. ಹಿಮಕ್ಕೆ ಕಪ್ಪಾದ ಮೇಲೆ ಒಂದು ವಾರ ಬಿಟ್ಟು ಗೆಡ್ಡೆ ಎತ್ತಿ, ದಂಟಿನ ನೀರು ಇಳಿಯಲು ತಲೆಕೆಳಗಾಗಿ ನಿಲ್ಲಿಸಿ, ಒಣಗಿದ ಮೇಲೆ ಮರದ ಹೊಟ್ಟಿನಲ್ಲಿ ಹೂತಿಡಬೇಕು. ಡೊರೀನಳ ಡೇಲಿಯಾ ಎಂದರೆ ಈ ಕಣಿವೆಗೇ ಗೊತ್ತು.

ಇದನ್ನೆಲ್ಲ ಬಿಡಿಸಿ ಹೇಳುತ್ತಿರುವುದು ಯಾಕೆಂದರೆ, ಈ ಸಲ ಮೇ ಕೊನೆಯ ವಾರ ಡೊರೀನಳ ಮಗ ಕ್ರೇಗ್ ಬಂದು ನನ್ನನ್ನು ಹೊಗಳಿದ್ದು ಇದಕ್ಕೇ.

ನಾನು ರಾಸ್ಪ್‌ಬೆರಿ ಸಾಲಿನಲ್ಲಿ ಮಂಡಿಯೂರಿ ಕೂತಿದ್ದೆ. ಅವನು ಪೇಟೆಯ ಬೂಟು ಕೆಸರಾಗದಂತೆ ಹೆಜ್ಜೆ ಆರಿಸಿಕೊಂಡು ಬಂದ, ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ. ಮನೆ ಮಾರುವ ವಿಷಯ ಅವನು ಮಾರ್ಚಿನಲ್ಲೇ ಹೇಳಿದ್ದ, ಆಗಸ್ಟಿಗೆ ನಾವು ಖಾಲಿ ಮಾಡಬೇಕು. ಅದನ್ನು ಹೇಗೋ ನುಂಗಿಕೊಂಡಿದ್ದೆ. ಬಾಡಿಗೆಯವರಿಗೆ ನುಂಗುವುದು ಅಭ್ಯಾಸ. ಆದರೆ ಆವತ್ತು ಬೆಳಿಗ್ಗೆ ಯಾರೋ ಬಂದು ಹಿತ್ತಿಲಲ್ಲಿ ಗೂಟ ಹೊಡೆದು ಹೋಗಿದ್ದರು. ಒಂದು ಗೂಟ ಕ್ವಿನ್ಸ್ ಮರಕ್ಕೆ ತಾಗಿಕೊಂಡೇ ಇತ್ತು, ತುದಿಯಲ್ಲಿ ಗುಲಾಬಿ ಪಟ್ಟಿ.

ಫೋಟೋ ತೆಗೆಯುವವರು ಶುಕ್ರವಾರ ಬರುತ್ತಾರಂತೆ. ಅಷ್ಟರಲ್ಲಿ ನನ್ನ ವರ್ಷಾವರ್ಷದ ಕೆಲಸ ಮುಗಿಸಿಬಿಟ್ಟರೆ ತೋಟ ಚೆನ್ನಾಗಿ ಕಾಣುತ್ತದಂತೆ. ನನ್ನಷ್ಟು ಅಚ್ಚುಕಟ್ಟಾಗಿ ಯಾರೂ ಮಾಡುವುದಿಲ್ಲವೆಂದು ಅಮ್ಮ ಹೇಳುತ್ತಲೇ ಇರುತ್ತಾಳಂತೆ. ಕೊಳ್ಳುವವರು ನೋಡಿ ಖುಷಿಪಡಲಿ ಎಂದು ನಾನು ಹಿಮದಲ್ಲಿ ಮಂಡಿಯೂರಬೇಕು, ಕೊಂಡವರು ಬಂದಾಗ ಎದ್ದು ಹೋಗಬೇಕು. ಇದನ್ನು ಅವನು ಬಿಸ್ಕತ್ತು ಕೊಡುತ್ತ ನಗುನಗುತ್ತ ಹೇಳಿದ. ಅವನಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ, ನನಗೆ ಹೆಚ್ಚು ಉರಿದದ್ದು ಅದಕ್ಕೆ.

“ಆ ಗೂಟ ಏನು?” ಎಂದೆ.

“ಅದಾ, ಗಡಿ. ಹಿಂದಿನದ್ದು ಬೇರೆ ಸೈಟು ಮಾಡ್ತಿದೀವಿ. ಅಲ್ಲಿ ದಾರಿ ಬರುತ್ತೆ. ಹುಟ್ಟುಹಬ್ಬದ ರಜೆ ಕಳೆದು ಮಂಗಳವಾರ ಅಗೆಯೋ ಯಂತ್ರ ಬರುತ್ತೆ.”

“ಮರ?”

“ಮರ ಹೋಗುತ್ತೆ.” ಅವನು ದನಿ ಸ್ವಲ್ಪ ಮೃದು ಮಾಡಿದ. “ನಿಮ್ಮ ಬೆಕ್ಕು ಅಲ್ಲಿದೆ ಅಂತ ಗೊತ್ತು ನನಗೆ. ನಮ್ಮ ನಾಯೀನೂ ಆ ಬೇಲಿ ಪಕ್ಕಾನೇ ಹೂತಿರೋದು. ಬೇಕಾದ್ರೆ ಯಂತ್ರದವನಿಗೆ ಹೇಳಿ ಒಂದು ಬಕೆಟ್ ಮಣ್ಣು ಬೇರೆ ತೆಗೆಸಿಡ್ತೀನಿ.”

ನಾವು ಯಾವತ್ತೂ ಬೆಕ್ಕು ಸಾಕಿಲ್ಲ. ಹಾಗೆಂದೆ. ಅವನು ನನ್ನ ದುಃಖಕ್ಕೆ ಮರೆವು ಬಂದಿದೆ ಎಂಬಂತೆ ತಲೆಯಾಡಿಸಿದ. ಅಷ್ಟರಲ್ಲಿ ಅವನ ಫೋನ್ ಬಡಿದುಕೊಂಡಿತು, ಕೈಯೆತ್ತಿ ಕ್ಷಮೆ ಕೇಳಿ, ಬಂದ ಹಾಗೆಯೇ ಹೆಜ್ಜೆ ಆರಿಸಿಕೊಂಡು ಹೋದ.

ಮೀರೊ ಅಡಿಗೆಮನೆಯ ಕಿಟಕಿಯಿಂದ ಎಲ್ಲ ಕೇಳಿಸಿಕೊಂಡಿದ್ದಳು. ಹೊರಗೆ ಬಂದು ಬಾಗಿಲಿಗೆ ಒರಗಿ ನಿಂತು, “ಅಮ್ಮಾ, ನಾನ್ಯಾವಾಗ ಬೆಕ್ಕಾದೆ?” ಎಂದಳು. ನಾನು ಕತ್ತರಿ ತೆಗೆದುಕೊಂಡು ರಾಸ್ಪ್‌ಬೆರಿ ಸಾಲಿಗೆ ವಾಪಸು ಹೋದವಳು, ಕೈ ತಾನಾಗಿಯೇ ಮುಂದಿನ ಕಡ್ಡಿ ಹಿಡಿದು ಕತ್ತರಿಸುತ್ತಿರುವುದನ್ನು ನೋಡಿ, ಅಲ್ಲಿಗೇ ನಿಲ್ಲಿಸಿದೆ. ಅರ್ಧ ಸಾಲು ಕತ್ತರಿಸಿತ್ತು, ಅರ್ಧ ಹಾಗೇ ಕೆದರಿಕೊಂಡು ನಿಂತಿತ್ತು. ಕತ್ತರಿಯನ್ನು ಷೆಡ್ಡಿನ ಮೊಳೆಗೆ ನೇತುಹಾಕಿ ಕೈ ತೊಳೆದೆ. ಆ ವಾರ ತೋಟದ ಕೆಲಸ ಮತ್ತೆ ಮುಟ್ಟಲಿಲ್ಲ.

ಮರುದಿನ ಆಶ್ರಮದಲ್ಲಿ ಸಂಜೆಯ ಊಟದ ಹೊತ್ತು. ಡೊರೀನಳ ದೇಹ ಸೋತಿದೆ, ತಲೆ ಸೋತಿಲ್ಲ. ಪೇಪರಿನ ಪದಬಂಧವನ್ನು ಬಾಯಲ್ಲೇ ಹೇಳಿ ಪೂರ್ತಿ ತುಂಬಿಸುತ್ತಾಳೆ. ನಾನು ಎದುರು ಕೂತು ಖೈಮಾ ಮತ್ತು ಆಲೂಗಡ್ಡೆ ಕಲಸುತ್ತಿದ್ದೆ. ಕೈ ನಡುಗುವುದರಿಂದ ಅವಳಿಗೆ ನಾನೇ ತಿನ್ನಿಸುವುದು.

“ಡೇಲಿಯಾ ಎತ್ತಿದ್ಯೇನೇ?” ಎಂದಳು. ದಿನವೂ ಕೇಳುವ ಪ್ರಶ್ನೆ ಅದು.

“ಇಲ್ಲ.”

“ಕಪ್ಪಾಗಿ ವಾರ ಆಯ್ತಲ್ಲ. ಇನ್ಯಾವಾಗ? ಮಳೆ ಬಂದು ನೀರು ಕುಡಿದ್ರೆ ಗೆಡ್ಡೆ ಉಳಿಯುತ್ತಾ?”

“ಡೊರೀನ್, ಕ್ವಿನ್ಸ್ ಮರದ ಕೆಳಗೆ ಏನಿದೆ ಅಂತ ಕ್ರೇಗ್‌ಗೆ ಹೇಳಿದ್ರಿ?”

ಅವಳು ಬಾಯಿಗೆ ಬಂದ ಚಮಚವನ್ನು ತಳ್ಳಿ, ಕಿಟಕಿಯ ಪರದೆ ನೋಡಿದಳು. ಬಾಗಿಲ ಬಳಿ ಯಾರಾದರೂ ಇದ್ದಾರೆಯೇ ಎಂದು ನೋಡಿದಳು. ಆಮೇಲೆ ಬಹಳ ಸಣ್ಣ ದನಿಯಲ್ಲಿ, “ಬೆಕ್ಕು ಅಂದೆ,” ಎಂದಳು.

ನಾನು ಚಮಚವನ್ನು ತಟ್ಟೆಗಿಟ್ಟೆ.

“ಇನ್ನೇನ್ ಹೇಳ್ಲಿ? ಭಾನುವಾರ ಊಟಕ್ಕೆ ಕೂತಿದ್ವಿ. ಹೊಸ ಸಸಿ ಯಾವ್ದಮ್ಮ ಅದು, ಯಾಕೆ ಅಲ್ಲಿ ನೆಟ್ಟಿದೀಯ ಅಂದ. ಸೊಸೆ ಬೇರೆ ಪಕ್ಕದಲ್ಲಿ. ತಟ್ಟೆ ಮುಂದೆ ಇಟ್ಕೊಂಡು ಗಂಡಸಿಗೆ ಅಂಥ ಮಾತು ಹೇಳೋಕಾಗುತ್ತಾ? ಬೆಕ್ಕು ಅಂದೆ. ಆಮೇಲೆ ಬೆಕ್ಕೇ ಆಗೋಯ್ತು.”

ನಮ್ಮ ಜನ ಹೀಗೆಯೇ. ಕುರಿಗೆ ಮರಿ ಅಡ್ಡ ಬಂದರೆ ಮೊಳಕೈವರೆಗೆ ಕೈ ಹಾಕಿ ತಿರುಗಿಸಿ ಎಳೆದು, ಒಳಗೆ ಬಂದು ಚಹಾ ಕುಡಿಯುತ್ತ ಅದನ್ನು ಮಕ್ಕಳೆದುರೇ ವಿವರಿಸುತ್ತಾರೆ. ಹೆಂಗಸಿನ ಹೆರಿಗೆಯ ಮಾತು ಬಂದರೆ ಮಾತ್ರ ಮಾತು ತಪ್ಪಿಸಲು ಎಲ್ಲರಿಗೂ ಆಗಲೇ ಗ್ರೇವಿಯ ಬಟ್ಟಲು ಬೇಕಾಗುತ್ತದೆ. ನನ್ನ ಅಮ್ಮನೂ ಹೀಗೇ, ನಾನು ಬಸುರಿ ಎಂದು ಪಕ್ಕದ ಮನೆಗೆ ಹೇಳಲು ದನಿ ತಗ್ಗಿಸುತ್ತಿದ್ದಳು. ಆದರೆ ಅಮ್ಮ ಯಾರಿಗೂ ಮಾತು ಕೊಟ್ಟಿರಲಿಲ್ಲ. ಇವಳು ಕೊಟ್ಟಿದ್ದಳು, ಮಗನಿಗೆ ಹೇಳುತ್ತೇನೆ ಎಂದಿದ್ದಳು. ಆ ಒಂದು ಮಾತಿನ ಮೇಲೆ ಒಬ್ಬ ಮುದುಕಿ ತನ್ನ ಮೊಮ್ಮಗಳ ಮಾಸನ್ನು ತನ್ನವರ ಮಣ್ಣಿಗೆ ಒಯ್ಯದೆ ಪರರ ಹಿತ್ತಿಲಲ್ಲಿ ಬಿಟ್ಟು ಹೋಗಿದ್ದರು.

“ಈಗ ಹೇಳಿ. ಫೋನ್ ನಾನು ತಂದುಕೊಡ್ತೀನಿ,” ಎಂದೆ.

“ಈಗ್ಯಾಕೆ? ಮನೆ ಮಾರೋ ಕಾಗದಕ್ಕೆ ಸಹಿ ಹಾಕ್ಸಿಕೊಂಡು ಹೋಗಿ ಆಯ್ತು ಅವನು.”

“ನೀವು ಪಾರೆಹುಯಾಗೆ ಮಾತು ಕೊಟ್ಟಿದ್ರಿ.”

“ಕೊಟ್ಟಿದ್ದೆ. ಅವಳು ಹೋದಳು ಪಾಪ. ನಾನಿನ್ನೂ ಇದ್ದೀನಿ. ಈ ವಯಸ್ಸಲ್ಲಿ ಅವನನ್ನ ಎದುರು ಹಾಕ್ಕೊಳ್ಳೋಕಾಗುತ್ತಾ ನನಗೆ? ನನ್ನನ್ನ ನೋಡ್ಕೊಳ್ಳೋನು ಅವನೇ ತಾನೇ.”

“ನಿಮ್ಮನ್ನ ನೋಡ್ಕೊಳ್ತಿರೋದು ನಾನು,” ಎಂದೆ.

ಅವಳ ಗದ್ದದ ಮೇಲೆ ಖೈಮಾದ ರಸ ಇಳಿದಿತ್ತು. ಒರೆಸಿದೆ. ಸಿಟ್ಟಿನಲ್ಲಿ ಒರೆಸಿದರೆ ಮುದುಕರ ಚರ್ಮ ಕಿತ್ತುಬರುತ್ತದೆ, ಹಾಗಾಗಿ ಮೆಲ್ಲಗೆ ಒರೆಸಿದೆ. ಮೆಲ್ಲಗೆ ಒರೆಸಬೇಕಾಗಿ ಬಂದದ್ದಕ್ಕೆ ಇನ್ನೂ ಸಿಟ್ಟು ಬಂತು. ಅವಳು ಕಣ್ಣು ಮುಚ್ಚಿಕೊಂಡು ಕೂತಿದ್ದಳು, ನಿದ್ದೆ ಬಂತೋ ನಾಚಿಕೆಯೋ ತಿಳಿಯಲಿಲ್ಲ. ತಟ್ಟೆ ಎತ್ತಿಕೊಂಡು ಬಾಗಿಲಿಗೆ ಬಂದಾಗ ಹಿಂದಿನಿಂದ ಕರೆದಳು.

“ಡೇಲಿಯಾ ಮಾತ್ರ ಕೊಳೆಯೋಕೆ ಬಿಡಬೇಡ ಕಣೇ. ಹೊಟ್ಟಿನಲ್ಲಿಟ್ಟು ಇಲ್ಲಿಗೆ ತಂದುಕೊಡು. ಇಲ್ಲಿ ಮುಂದಿನ ಪಾತಿಯಲ್ಲಿ ಹಾಕ್ಸಬಹುದು.”

“ಕೊಳೀಲಿ,” ಎಂದೆ.

ಆ ಮಾತು ಮೇಲ್ವಿಚಾರಕಿಯ ಕಿವಿಗೆ ಬಿತ್ತು. ಒಳಗೆ ಕರೆದು, ಇಲ್ಲಿರುವವರ ಜೊತೆ ಮನೆಯ ತಕರಾರು ತೆಗೆಯಕೂಡದು, ಗೊತ್ತಿಲ್ಲವೇ ಎಂದಳು. ಗೊತ್ತಿದೆ ಎಂದೆ. ಏನಾಗಿದೆ ನಿನಗೆ ಎಂದು ಕೇಳಿದಳು. ಬೆಕ್ಕು ಸತ್ತಿದೆ ಎಂದೆ. ಪಾಪ ಎಂದು ಹೆಗಲು ತಟ್ಟಿದಳು.

ಶುಕ್ರವಾರ ಫೋಟೋದವರು ಬಂದರು. ತೋಟ ಹೇಗಿತ್ತೋ ಹಾಗೇ ಇತ್ತು. ಡೇಲಿಯಾ ದಂಟುಗಳು ಸುಟ್ಟು ಜೋತುಬಿದ್ದ ಹಾಗೆ ಕಪ್ಪಗೆ, ಎಲೆ ಗುಡಿಸಿಲ್ಲ, ನಲ್ಲಿಗೆ ಕಂಬಳಿ ಇಲ್ಲ, ಅರ್ಧ ಬೋಳಿಸಿದ ರಾಸ್ಪ್‌ಬೆರಿ. ಸಂಜೆ ಕ್ರೇಗ್‌ನ ಸಂದೇಶ ಬಂತು. ಹೂವಿನ ಪಾತಿ ಸತ್ತಂತೆ ಕಾಣುತ್ತಿದೆ, ಸ್ವಲ್ಪ ಗಮನಿಸುತ್ತೀರಾ ಎಂದು ಬರೆದಿದ್ದ.

ನಾನು ಫೋನ್ ಮಾಡಿದೆ. ಹೆಂಗಸರ ಮಾತನ್ನು ಗಂಡಸಿಗೆ ಹೇಳಬಾರದೆಂದು ನನಗೂ ಚಿಕ್ಕಂದಿನಿಂದ ಕಲಿಸಿದ್ದಾರೆ, ಆದರೂ ಒಂದೂ ಬಿಡದೆ ಹೇಳಿದೆ. ಮಾಸು ಎಂದೆ, ಯಾರದು ಎಂದೆ, ಯಾರು ಹೂತದ್ದು ಎಂದೆ, ಅವನ ಅಮ್ಮ ಏನು ಮಾತು ಕೊಟ್ಟಿದ್ದಳು, ಯಾಕೆ ಬೆಕ್ಕು ಎಂದಳು ಎಂದೆ. ಆ ಕಡೆ ಅವನ ಹೆಂಡತಿ ಯಾರು ಅದು ಎಂದು ಕೇಳುತ್ತಿರುವುದೂ, ಅವನು ಬೇರೆ ಕೋಣೆಗೆ ನಡೆದು ಬಾಗಿಲು ಹಾಕಿಕೊಂಡದ್ದೂ ಕೇಳಿಸಿತು. ಕ್ರೇಗ್ ಕೆಟ್ಟವನಲ್ಲ, ಅಷ್ಟು ಹೇಳಬೇಕು. ತನಗೆ ಇದು ಗೊತ್ತೇ ಇರಲಿಲ್ಲ ಎಂದ. ನಂಬಿದೆ. ನಕ್ಷೆಗೆ ಮುದ್ರೆ ಬಿದ್ದಿದೆ, ದಾರಿ ಬೇರೆ ಕಡೆ ತಿರುಗಿಸಿದರೆ ಹಿಂದಿನ ಸೈಟು ಕೈತಪ್ಪುತ್ತದೆ ಎಂದ. ಅದನ್ನೂ ನಂಬಿದೆ. ಆಮೇಲೆ ಅವನು ಒಂದು ಮಾತು ಹೆಚ್ಚಿಗೆ ಆಡಿದ.

“ಹನ್ನೊಂದು ವರ್ಷ ಆಯ್ತಲ್ಲ ಜಾನೀನ್. ಅಲ್ಲೀಗ ಏನೂ ಉಳಿದಿರಲ್ಲ, ಅಲ್ವಾ?”

“ನಿಮ್ಮಪ್ಪನನ್ನ ಹೂತು ಎಷ್ಟು ವರ್ಷ ಆಯ್ತು?” ಎಂದೆ.

“ಅದು ಬೇರೆ,” ಎಂದ.

ಅರ್ಧ ಗಂಟೆಯ ಮೇಲೆ ಮತ್ತೊಂದು ಸಂದೇಶ ಕಳಿಸಿದ. ತಾನು ಯಂತ್ರದವನ ಜೊತೆ ಮಾತಾಡಿದ್ದೇನೆ, ಮಂಗಳವಾರ ಬೆಳಿಗ್ಗೆಯ ಬದಲು ಮಧ್ಯಾಹ್ನ ಬರುತ್ತಾನೆ ಎಂದಿತ್ತು. ಅವನು ನನಗಾಗಿ ಮಾಡಿದ್ದು ಇದು. ಅರ್ಧ ದಿನ.

ಕಿಂಗಿಗೆ ಫೋನಿನಲ್ಲಿ ಹೇಳಿದಾಗ ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಹಗುರಾಗುತ್ತಿತ್ತು. ಹಿಂದುಗಡೆ ಉಣ್ಣೆ ಯಂತ್ರಗಳ ಗದ್ದಲ, ನಾಯಿಗಳ ಬೊಗಳು. ಬೆಕ್ಕು ಎಂಬ ಭಾಗ ಬಂದಾಗ ಅವನು ಒಮ್ಮೆ ನಕ್ಕ, ಆ ನಗು ನನಗೆ ಇಷ್ಟವಾಗಲಿಲ್ಲ. ಅಮ್ಮನಿಗೆ ಇದು ಮೊದಲೇ ಗೊತ್ತಿತ್ತು ಎಂದ. ಬೆಟ್ಟ ನೋಡುತ್ತ ನಿಂತಿದ್ದಳಲ್ಲ, ಆಗ ಅವಳು ಮಾತು ನಂಬಬೇಕೋ ಬೇಡವೋ ಎಂದು ಯೋಚಿಸುತ್ತಿರಲಿಲ್ಲ, ನಿನಗೋಸ್ಕರ ನಂಬಿದ ಹಾಗೆ ಮಾಡಬೇಕೋ ಬೇಡವೋ ಎಂದು ಯೋಚಿಸುತ್ತಿದ್ದಳು ಎಂದ. ಬಾಣಂತಿಯ ಎದುರು ಜಗಳ ಬೇಡವೆಂದು ಒಪ್ಪಿದ್ದಂತೆ. ಇಷ್ಟು ವರ್ಷ ಅವನು ಇದನ್ನು ನನಗೆ ಹೇಳಿರಲಿಲ್ಲ.

“ಸೋಮವಾರ ಬೆಳಕು ಹರಿಯೋಕೆ ಮುಂಚೆ ಬಂದಿರ್ತೀನಿ,” ಎಂದ. “ಮಣ್ಣನ್ನ ವೈರೋವಾಗೆ ತಗೊಂಡು ಹೋಗೋಣ. ಅಮ್ಮನ ಪಕ್ಕ. ಮೀರೊಗೆ ಹೇಳಿರು.”

ಮೀರೊಗೆ ಹೇಳಿದೆ. ಅವಳು ಒಂದು ಬಾರಿಯೂ ವೈರೋವಾ ನೋಡಿಲ್ಲ. ಅಲ್ಲಿ ಹಿಮ ಬೀಳುತ್ತದೆಯೇ ಎಂದು ಕೇಳಿದಳು, ಇಲ್ಲ ಎಂದೆ. ಹಾಗಾದರೆ ಡೇಲಿಯಾ ಎತ್ತೋ ಕೆಲಸ ಇರಲ್ಲ ಅಲ್ಲಿ ಎಂದಳು. ಆಮೇಲೆ ಹೊರಗೆ ಹೋಗಿ ಕೊಂಬೆಗೆ ಕಟ್ಟಿದ್ದ ಹಗ್ಗ ಬಿಚ್ಚಿದಳು. ಗಂಟು ಗಟ್ಟಿಯಾಗಿತ್ತು, ಹಲ್ಲಿನಿಂದ ಎಳೆದಳು. ಸಹಾಯಕ್ಕೆ ಕರೆದಿದ್ದರೆ ಹೋಗುತ್ತಿದ್ದೆ. ಅವಳು ತಿರುಗಿ ನೋಡಲಿಲ್ಲ.

ಸೋಮವಾರ ಬೆಳಿಗ್ಗೆ ಹಿಮ ದಪ್ಪಗೆ ಬಿದ್ದಿತ್ತು. ಹುಲ್ಲು ಬೂಟಿನ ಕೆಳಗೆ ಗಾಜಿನಂತೆ ಮುರಿಯುತ್ತಿತ್ತು. ಕ್ವಿನ್ಸ್ ಮರದಲ್ಲಿ ಕೊನೆಯ ನಾಲ್ಕೈದು ಎಲೆ, ನೆಲದಲ್ಲಿ ಕೊಳೆತ ಹಣ್ಣು ಒಂದೆರಡು. ಕಿಂಗಿ ಇಡೀ ದಾರಿ ಕಾರು ಓಡಿಸಿಕೊಂಡು ಬಂದವನು ಮುಖ ತೊಳೆದು, ಶುಭ್ರ ಅಂಗಿ ಹಾಕಿಕೊಂಡು ಬಂದ. ಅಂಥ ಚಳಿಯಲ್ಲಿ ಬರಿ ಅಂಗಿ. ಉಣ್ಣೆ ತುಂಬುವ ಹೊಸ ಚೀಲವೊಂದನ್ನು ಮಡಚಿ ಮರದ ಪಕ್ಕ ಹಾಸಿದ. ತನ್ನ ಭಾಷೆಯಲ್ಲಿ ಮೆಲ್ಲಗೆ ಏನೋ ಹೇಳಿಕೊಂಡ, ಮೀರೊ ತನಗೆ ಬರುವಷ್ಟನ್ನು ಅವನ ಜೊತೆ ಹೇಳಿದಳು. ನಡುವೆ ಅವರಿಬ್ಬರ ಉಸಿರು ಒಂದೇ ಮೋಡವಾಗಿ ನಿಂತಿತ್ತು. ಹೇಳಿ ಮುಗಿಸಿ ಅವನು ಸನಿಕೆಗೆ ಕೈ ಹಾಕಿದ.

“ಇಲ್ಲಿ ಕೊಡು,” ಎಂದೆ.

“ಬೇಡ, ನೆಲ ಕಲ್ಲಾಗಿದೆ. ನಾನು ತೆಗೀತೀನಿ.”

“ಕೊಡು ಅಂದೆ. ಮಾತು ಕೊಟ್ಟಿದ್ದು ನಮ್ಮ ಜನ. ಮುರಿಯೋ ಕೆಲಸಾನೂ ನಿನ್ನ ಕೈಲಿ ಮಾಡ್ಸಲ್ಲ ನಾನು.”

ಅವನು ನನ್ನ ಮುಖ ನೋಡಿದ. ಸನಿಕೆ ಕೊಟ್ಟ.

ರಸ್ತೆಯಲ್ಲಿ ಒಂದು ಕಾರು ನಿಧಾನವಾಗಿ ಹೋಯಿತು, ಒಳಗಿದ್ದವರು ಬೇಲಿಯಾಚೆಗೆ ಇಣುಕಿ ನೋಡಿದರು. ಮನೆ ನೋಡಲು ಬಂದವರಿರಬೇಕು. ಅವರಿಗೆ ನಾನು ಚಳಿಗಾಲದ ತೋಟದ ಕೆಲಸ ಮಾಡುತ್ತಿರುವ ಹೆಂಗಸಿನ ಹಾಗೆ ಕಂಡಿರುತ್ತೇನೆ. ಅಚ್ಚುಕಟ್ಟಾದ ಹೆಂಗಸು, ಹುಟ್ಟುಹಬ್ಬದ ರಜೆಯಲ್ಲೂ ದುಡಿಯುತ್ತಿದ್ದಾಳೆ ಎಂದುಕೊಂಡಿರುತ್ತಾರೆ. ನನ್ನ ಬೆನ್ನ ಹಿಂದೆ ಡೊರೀನಳ ಡೇಲಿಯಾ ಗೆಡ್ಡೆಗಳು ನೆಲದಲ್ಲೇ ಇದ್ದವು. ಅವನ್ನು ಎತ್ತಲಿಲ್ಲ. ಆ ಸಂಜೆ ಆಶ್ರಮಕ್ಕೆ ಹೋದಾಗ ಅವಳು ಕೇಳಿದರೆ ಎತ್ತಲಿಲ್ಲ ಎಂದೇ ಹೇಳುವವಳಿದ್ದೆ.

ಸನಿಕೆಯ ಅಲಗನ್ನು ಬುಡದ ಹತ್ತಿರ ಇಟ್ಟು, ಬೂಟಿನಿಂದ ಒತ್ತಿದೆ. ಮೇಲಿನ ಪದರ ಬಿಡಲಿಲ್ಲ. ಎರಡನೇ ಸಲ ಪೂರ್ತಿ ಭಾರ ಹಾಕಿದೆ. ಹಿಮ ಒಡೆದು ಕೆಳಗಿನ ಕಪ್ಪು ಮಣ್ಣು ಮೇಲೆ ಬಂತು.

ಡೊರೀನ್ ಕೊಟ್ಟ ಮಾತು ಮುರಿಯಿತು. ಆ ಮರದ ಬುಡಕ್ಕೆ ಸನಿಕೆ ಹಾಕಿದವಳು ನಾನು.